ಪ್ಲಾಸ್ಟಿಕ್ಕಿನೊಳಗಿನ ಡಿಪ್ಲೊಮಾ

ಹಳೆಯ ಮೆಷಿನು ಮಾರುವುದು ಸುಲಭ. ಅದರ ಜೊತೆ ಮನುಷ್ಯನನ್ನೂ ಕಳಿಸಿಕೊಡುತ್ತೇನೆಂದು ಒಪ್ಪಿಕೊಂಡರೆ ಕಷ್ಟ ಶುರುವಾಗುತ್ತದೆ. ಈ ಕಸುಬಿಗೆ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಡಾಟ್‌ಕಾಮ್ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದ ಕಾಲ ಅದು. ಅಮೆರಿಕದ ಮಿಲ್ಪಿಟಾಸಿನಲ್ಲಿ ನನ್ನದೊಂದು ಗೋದಾಮು ಇತ್ತು. ಮುಚ್ಚಿದ ಕಾರ್ಖಾನೆಗಳ ಯಂತ್ರಗಳನ್ನು ಹರಾಜಿನಲ್ಲಿ ಹಿಡಿದು, ಒರೆಸಿ, ಓಡಿಸಿ ತೋರಿಸಿ, ಏಷ್ಯಾದ ಕಡೆಗೆ ಮಾರುತ್ತಿದ್ದೆ. ಊರೆಲ್ಲ ಅಳುತ್ತಿದ್ದಾಗ ನನಗೆ ಮಾತ್ರ ಕೈತುಂಬ ಕೆಲಸ. ಆ ಸಲ ಸಿಕ್ಕಿದ್ದು ಸರ್ಕ್ಯೂಟ್ ಬೋರ್ಡಿನ ಮೇಲೆ ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಕೂರಿಸುವ ಯಂತ್ರಗಳ ಒಂದು ಇಡೀ ಸಾಲು. ಶಾಂಘೈ ಹತ್ತಿರದ ಕೈಗಾರಿಕಾ ಪಟ್ಟಣವೊಂದರ ಹೊಸ ಕಾರ್ಖಾನೆಯವರು ಅದನ್ನು ಕೇಳಿದರು. ಬೆಲೆ ಇಳಿಸಿ ಎಂದು ಜಗ್ಗಾಡಿದರು. ನಾನು ಇಳಿಸಲಿಲ್ಲ. ಬದಲಿಗೆ, ಈ ಸಾಲನ್ನು ವರ್ಷಗಟ್ಟಲೆ ಓಡಿಸಿದ ಟೆಕ್ನಿಷಿಯನ್ನನ್ನೇ ನಿಮ್ಮಲ್ಲಿಗೆ ಕಳಿಸಿಕೊಡುತ್ತೇನೆ, ಸಂಬಳ ನಿಮ್ಮದು ಎಂದೆ. ಅವರು ಒಪ್ಪಿದರು. ಒಳ್ಳೆಯ ವ್ಯಾಪಾರ ಕುದುರಿಸಿದೆ ಅಂದುಕೊಂಡೆ.

ಟೆಕ್ನಿಷಿಯನ್ ಹುಬ್ಬಳ್ಳಿಯವರು. ಆ ಯಂತ್ರಗಳಿದ್ದ ಇಲ್ಲಿಯ ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಿದ್ದವರು. ಕಾರ್ಖಾನೆ ಮುಚ್ಚಿದ ದಿನವೇ ಅವರ ಎಚ್-ಒನ್ ವೀಸಾದ ಬುಡವೂ ಅಲುಗಾಡಿತ್ತು, ಏಕೆಂದರೆ ಅದು ನಿಂತಿದ್ದು ಆ ಕೆಲಸದ ಮೇಲೆ. ನನ್ನ ಕಂಪನಿಯ ಹೆಸರಿನಲ್ಲಿ ಹಾಕಿಸೋಣವೆಂದು ವಕೀಲರ ಹತ್ತಿರ ಹೋದೆವು. ಗೋದಾಮಿನವನಿಗೆ ಇಂಥ ಕೆಲಸಗಾರ ಏಕೆ ಬೇಕೆಂದು ಸರ್ಕಾರ ಕೇಳುತ್ತದೆ, ಅಷ್ಟರಲ್ಲಿ ಇವರ ಗಡುವೂ ಮುಗಿಯುತ್ತದೆ ಎಂದು ವಕೀಲರು ತಲೆಯಾಡಿಸಿದರು. ಚೀನಾದ ಕಾರ್ಖಾನೆ ಎರಡು ವರ್ಷದ ಕೆಲಸ, ಸಂಸಾರಕ್ಕೆ ಮನೆ ಕೊಡುತ್ತೇನೆಂದಿತ್ತು. ನನಗೆ ಅದು ವ್ಯಾಪಾರದ ಒಂದು ಷರತ್ತು. ಅವರಿಗೆ, ಅವರ ಹೆಂಡತಿಗೆ, ಎರಡನೇ ಕ್ಲಾಸಿನ ಮಗಳಿಗೆ ಕಾಲೂರಲು ಉಳಿದಿದ್ದ ನೆಲ ಅದೊಂದೇ.

ಕಾರ್ಖಾನೆಯ ಕಡೆಯಿಂದ ನನ್ನ ಜೊತೆ ಮಾತಾಡುತ್ತಿದ್ದವಳು ಒಬ್ಬ ಚೀನೀ ಹೆಣ್ಣುಮಗಳು. ವಿದೇಶಿಯರ ಕಾಗದಪತ್ರವೆಲ್ಲ ಅವಳ ಕೈಲಿ. ನಮ್ಮ ಸಂಜೆ ಅವಳ ಬೆಳಗು. ಮೊದಲ ಫೋನಿನಲ್ಲೇ ನಿಧಾನವಾಗಿ ಪಾಠ ಹೇಳಿಕೊಟ್ಟಳು. ಚೀನಾದ ವೀಸಾ ಒಂದೇ ಬಗೆಯದಲ್ಲ. ತಿರುಗಾಟಕ್ಕೆ ಎಲ್. ಮೀಟಿಂಗು, ಮಾತುಕತೆ, ಕಾರ್ಖಾನೆ ನೋಡಿ ಬರುವುದಕ್ಕೆ ಎಫ್. ಸಂಬಳಕ್ಕೆ ದುಡಿಯಲು ಝೆಡ್. ಆ ಝೆಡ್ಡು ದೂತಾವಾಸದ ಕಿಟಕಿಯಲ್ಲಿ ಕೇಳಿದರೆ ಸಿಗುವ ವಸ್ತುವಲ್ಲ. ಮೊದಲು ಕಾರ್ಖಾನೆಯವರು ತಮ್ಮ ಊರಿನ ಕಾರ್ಮಿಕ ಇಲಾಖೆಯ ಮುಂದೆ ನಿಂತು, ಈ ಕೆಲಸಕ್ಕೆ ನಮ್ಮವರು ಯಾರೂ ಸಿಗಲಿಲ್ಲ, ಹೊರಗಿನವನೇ ಬೇಕು ಎಂದು ತೋರಿಸಿ ಉದ್ಯೋಗ ಪರವಾನಗಿ ಪಡೆಯಬೇಕು. ಆಮೇಲೆ ಆಹ್ವಾನಪತ್ರ. ಅವೆರಡೂ ಬಂದರೆ ವೀಸಾ. ಇಳಿದ ಮೇಲೆ ಉದ್ಯೋಗದ ಕಾರ್ಡು, ಅದನ್ನು ತೋರಿಸಿ ಪೊಲೀಸರಿಂದ ವಾಸದ ಕಾರ್ಡು. ಹೋಗುವ ಮನುಷ್ಯ ಆರೋಗ್ಯವಂತನಿರಬೇಕು, ಅವನ ಮೇಲೆ ಕೇಸು ಇರಬಾರದು, ಆ ಕೆಲಸಕ್ಕೆ ತಕ್ಕ ವಿದ್ಯೆಯೂ ಅನುಭವವೂ ಇದೆಯೆಂದು ಕಾಗದದಲ್ಲಿ ಕಾಣಿಸಬೇಕು.

ನಾನು ಸುಮ್ಮನೆ ಕೇಳಿಸಿಕೊಳ್ಳುವ ಜಾತಿಯವನಲ್ಲ. ಅಡ್ಡದಾರಿ ಎಲ್ಲಿದೆ ಎಂದು ಹುಡುಕಿದೆ. ಪದವೀಧರರಿಗೆ ವಿದೇಶಿ ತಜ್ಞ ಎಂಬ ಬೇರೆ ದಾರಿ ಇದೆಯಂತೆ, ಇವರದ್ದು ಡಿಪ್ಲೊಮಾ, ಆಗದು. ಹೊರದೇಶದ ಕಂಪನಿ ಅಲ್ಲಿ ಕಚೇರಿ ತೆರೆದು ಮುಖ್ಯ ಪ್ರತಿನಿಧಿಯನ್ನು ಕೂರಿಸಿದರೆ ಆ ಮೊದಲ ಪರವಾನಗಿ ಬೇಡವಂತೆ. ಸರಿ, ನಾನೇ ಒಂದು ಕಚೇರಿ ತೆರೆಯುತ್ತೇನೆ, ಇವರನ್ನೇ ಮುಖ್ಯ ಪ್ರತಿನಿಧಿ ಮಾಡುತ್ತೇನೆ ಎಂದೆ. ಮುಖ್ಯ ಪ್ರತಿನಿಧಿ ಸ್ಕ್ರೂಡ್ರೈವರ್ ಹಿಡಿಯುವಂತಿಲ್ಲ ಎಂದಳು ಅವಳು. ನಗು ಬಂತು, ಬಾಗಿಲೂ ಮುಚ್ಚಿತು.

ಹಾಗಾಗಿ ನೇರ ದಾರಿ ಹಿಡಿದೆವು. ಮೊದಲು ಆರೋಗ್ಯ ಪತ್ರ. ಅದರ ಮೇಲೆ ಫೋಟೋ ಅಂಟಿಸಬೇಕು, ಅರ್ಧ ಫೋಟೋ ಮೇಲೆ ಅರ್ಧ ಕಾಗದದ ಮೇಲೆ ಬೀಳುವ ಹಾಗೆ ಆಸ್ಪತ್ರೆಯ ಮೊಹರು ಹೊಡೆಯಬೇಕು. ಅಮೆರಿಕದ ಡಾಕ್ಟರಿಗೆ ಮೊಹರು ಎಲ್ಲಿಂದ ಬರಬೇಕು? ಅವರದ್ದೇನಿದ್ದರೂ ಸಹಿ. ಎರಡು ಕ್ಲಿನಿಕ್ಕಿನವರು ಭುಜ ಕುಣಿಸಿ ಕಳಿಸಿದರು. ಮೂರನೆಯದರಲ್ಲಿ ನಾನು ರಿಸೆಪ್ಷನ್ನಿನಲ್ಲಿದ್ದ ಹೆಂಗಸಿನ ಜೊತೆ ಮಕ್ಕಳು ಮರಿ ಮಾತಾಡುತ್ತ ನಿಂತೆ. ಅವಳ ಮೇಜಿನ ಮೇಲೆ ಲಕೋಟೆಗಳಿಗೆ ಕ್ಲಿನಿಕ್ಕಿನ ವಿಳಾಸ ಒತ್ತುವ ಒಂದು ಮುದ್ರೆ ಕಂಡಿತು. ಡಾಕ್ಟರನ್ನು ಕೇಳಿ, ಅವರ ಎದುರಿಗೇ ಅದನ್ನೇ ಒತ್ತಿಸಿದೆ. ಚೀನಾದವರು ಒಪ್ಪಿಕೊಂಡರು. ಕೇಳುವ ರೀತಿಯಲ್ಲಿ ಕೇಳಿದರೆ ಯಾವ ಕಚೇರಿಯಲ್ಲೂ ಕೆಲಸವಾಗುತ್ತದೆ ಎಂಬ ನನ್ನ ನಂಬಿಕೆ ಅವತ್ತು ಇನ್ನೂ ಗಟ್ಟಿಯಾಯಿತು.

ಆಮೇಲೆ ಬಂತು ಸರ್ಟಿಫಿಕೇಟು. ಡಿಪ್ಲೊಮಾದ ಮೂಲ ಪ್ರತಿಯ ಹಿಂಬದಿಗೆ ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ದೂತಾವಾಸದವರು ದೃಢೀಕರಣದ ಮೊಹರು ಹಾಕಬೇಕು, ಅದರ ಪಕ್ಕದಲ್ಲಿ ಚೀನಾ ದೂತಾವಾಸದ್ದು. ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತೆವು. ಸರದಿ ಬಂದಾಗ ಟೆಕ್ನಿಷಿಯನ್ ಚೀಲದಿಂದ ಅದನ್ನು ತೆಗೆದು ಗಾಜಿನ ಕೆಳಗೆ ಸರಿಸಿದರು. ಅದು ಟಕ್ಕೆಂದು ಸದ್ದು ಮಾಡಿತು. ಕಾಗದ ಹಾಗೆ ಸದ್ದು ಮಾಡುವುದಿಲ್ಲ. ನೋಡಿದರೆ ಲ್ಯಾಮಿನೇಷನ್ನು. ಎರಡೂ ಕಡೆ ದಪ್ಪ ಪ್ಲಾಸ್ಟಿಕ್, ಅಂಚು ಸಹ ಬಿಡದೆ ಬೆಸೆದದ್ದು.

ಕಿಟಕಿಯವರು ಅದನ್ನು ಬೆರಳಿನಿಂದ ತಟ್ಟಿ ವಾಪಸು ಸರಿಸಿದರು. ಪ್ಲಾಸ್ಟಿಕ್ಕಿನ ಮೇಲೆ ಮೊಹರು ನಿಲ್ಲುವುದಿಲ್ಲ, ನಿಂತರೂ ನಿಯಮಕ್ಕೆ ಬರುವುದಿಲ್ಲ. ಹಿಂದೆ ಒಂದು ಹಾಳೆ ಅಂಟಿಸಿ ಅದರ ಮೇಲೆ ಹಾಕಿ ಎಂದೆ. ಆಗದು. ಜೆರಾಕ್ಸಿನ ಮೇಲೆ? ಚೀನಾದವರು ಒಪ್ಪುವುದಿಲ್ಲ. ಊರಿನ ಮಾತು ತೆಗೆದೆ, ಮಕ್ಕಳ ಮಾತು ತೆಗೆದೆ. ಆ ಮನುಷ್ಯ ಒಳ್ಳೆಯವರೇ. ದಿನಕ್ಕೆ ಹತ್ತು ಜನ ಹೀಗೇ ತರುತ್ತಾರೆ, ನಾನೇನು ಮಾಡಲಿ ಎಂದು ನನ್ನನ್ನೇ ಕೇಳಿದರು.

ಹೊರಗೆ ಬಂದ ಮೇಲೆ ಟೆಕ್ನಿಷಿಯನ್ ಅದನ್ನು ಎದೆಗೆ ಹಿಡಿದುಕೊಂಡು ನಿಂತಿದ್ದರು.

"ನಮ್ಮ ಅಮ್ಮೀ ಮಾಡಿಸಿದ್ಲ್ರಿ ಅಣ್ಣಾರ," ಅಂದರು. "ರಿಸಲ್ಟ್ ಬಂದ ವಾರದಾಗ ಬಸ್‌ಸ್ಟ್ಯಾಂಡಿನ ಅಂಗಡಿಗೆ ತಾನ ಒಯ್ದು ಹಾಕಿಸ್ಕೊಂಡು ಬಂದ್ಲು. ನೀರು ಬಿದ್ರೂ ಏನೂ ಆಗೂದಿಲ್ಲ ನೋಡು ಅಂತ ಬಚ್ಚಲದಾಗ ತೋಯಿಸಿ ತೋರಿಸಿದ್ಲು."

ನಮ್ಮವರಲ್ಲಿ ಯಾರ ಮನೆಯಲ್ಲಿ ಹೀಗಿಲ್ಲ ಹೇಳಿ. ರೇಷನ್ ಕಾರ್ಡಿನಿಂದ ಮಾರ್ಕ್ಸ್ ಕಾರ್ಡಿನ ತನಕ ಬೆಲೆಯುಳ್ಳದ್ದಕ್ಕೆಲ್ಲ ಪ್ಲಾಸ್ಟಿಕ್ ಹಾಕಿಸಿದವರು ನಾವು. ಈಗ ಓದುತ್ತಿರುವವರು ಎದ್ದು ಹೋಗಿ ನಿಮ್ಮ ಮಕ್ಕಳ ಸರ್ಟಿಫಿಕೇಟು ನೋಡಿಕೊಳ್ಳಿ. ಹಾಕಿಸಿಲ್ಲದಿದ್ದರೆ ಹಾಕಿಸಲೇಬೇಡಿ. ಬರಿಯ ಕವರಿನಲ್ಲಿ ಇಡಿ, ಜೊತೆಗೊಂದು ಕರ್ಪೂರದ ಗುಳಿಗೆ ಹಾಕಿ, ಸಾಕು.

ಪ್ಲಾಸ್ಟಿಕ್ ಬಿಡಿಸುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ. ಫ್ರೇಮ್ ಹಾಕುವ ಅಂಗಡಿಯವನೊಬ್ಬ ಲಾಸ್ ಆಲ್ಟೋಸಿನ ಒಬ್ಬ ಮುದುಕಿಯ ವಿಳಾಸ ಕೊಟ್ಟ. ಹಳೆಯ ಪುಸ್ತಕ, ನಕ್ಷೆಗಳನ್ನು ರಿಪೇರಿ ಮಾಡುವವಳು. ಮನೆಯ ಹಿಂದಿನ ಕೋಣೆಯಲ್ಲಿ ದೊಡ್ಡ ಮೇಜು, ದೀಪ, ಕುಂಚಗಳು. ಅವಳು ಡಿಪ್ಲೊಮಾವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬಿಸಿಯಲ್ಲಿ ಬೆಸೆದದ್ದು, ಅಂಟು ಕಾಗದದ ಎಳೆಯೊಳಗೇ ಇಳಿದಿದೆ, ಒಂದು ಮೂಲೆಯಲ್ಲಿ ಮಾತ್ರ ಪ್ರಯತ್ನಿಸಬಹುದು, ಮಾಡಲೇ ಎಂದು ಕೇಳಿದಳು. ನಾನು ಟೆಕ್ನಿಷಿಯನ್ನರ ಮುಖ ನೋಡಿದೆ. ಅವರು ಹೂಂ ಅಂದರು.

ಹತ್ತಿಯಲ್ಲಿ ಏನನ್ನೋ ಅದ್ದಿ ಕೆಳಗಿನ ಬಲಮೂಲೆಗೆ ತಾಗಿಸಿ, ಕಾದು, ತೆಳುವಾದ ಅಲಗಿನಿಂದ ಎಬ್ಬಿಸಿದಳು. ಪ್ಲಾಸ್ಟಿಕ್ಕು ಎದ್ದಿತು. ಅದರ ಜೊತೆಗೇ ನೇರಳೆ ಮೊಹರಿನ ಒಂದು ತುಂಡೂ, ಸಹಿಯ ಬಾಲವೂ ಎದ್ದವು. ಅವಳು ತಕ್ಷಣ ಕೈ ತೆಗೆದಳು. ಇನ್ನು ಮುಂದುವರಿದರೆ ನಿಮಗೆ ಪ್ಲಾಸ್ಟಿಕ್ಕಿನ ಮೇಲೆ ಡಿಪ್ಲೊಮಾ, ಖಾಲಿ ಕಾಗದ ಬೇರೆ ಸಿಗುತ್ತದೆ ಎಂದಳು. ಕೂಲಿ ಎಷ್ಟೆಂದರೆ ಕೈಯಾಡಿಸಿಬಿಟ್ಟಳು. ಯಾರಾದರೂ ಬಿಟ್ಟಿಯಾಗಿ ಕೆಲಸ ಮಾಡಿಕೊಟ್ಟರೆ ನನಗೆ ಖುಷಿಯಾಗಬೇಕು. ಅವತ್ತು ಆಗಲಿಲ್ಲ.

ವಿದ್ಯೆಯ ಕಾಗದ ಹೋಯಿತು, ಅನುಭವದ ಕಾಗದವಾದರೂ ಗಟ್ಟಿಯಾಗಿರಲಿ ಎಂದು ಮುಂದಿನ ಹೆಜ್ಜೆ ಇಟ್ಟೆ. ಮುಚ್ಚಿದ ಕಾರ್ಖಾನೆಯ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಆಗಿದ್ದವಳು ಈಗ ಸ್ಯಾನ್ ರಮೋನಿನ ಒಂದು ಆಫೀಸಿನಲ್ಲಿ ಕೂತು, ಸತ್ತ ಕಂಪನಿಯ ಉಳಿದ ಕಡತಗಳನ್ನು ನೋಡಿಕೊಳ್ಳುತ್ತಿದ್ದಳು. ನಮ್ಮೂರ ಪದ್ಧತಿಯಂತೆ ನಾನೇ ಪತ್ರ ಬರೆಸಿಕೊಂಡು ಹೋದೆ. ಇಂಥವರು ಇಂಥ ಯಂತ್ರಗಳ ಜೋಡಣೆ, ದುರಸ್ತಿ, ಅಳತೆ ಸರಿಪಡಿಸುವ ಕೆಲಸವನ್ನು ಸ್ವತಂತ್ರವಾಗಿ ನಿರ್ವಹಿಸಿದ್ದಾರೆ, ಅವರ ನಡತೆ ಉತ್ತಮವಾಗಿತ್ತು, ಅವರಿಗೆ ಶುಭ ಕೋರುತ್ತೇವೆ ಎಂದೆಲ್ಲ. ಅವಳು ಸಹಿ ಹಾಕಿದರೆ ಮುಗಿಯಿತು.

ಅವಳು ಕೊನೆಯ ಸಾಲಿನ ತನಕ ಓದಿದಳು. ಇದರಲ್ಲಿ ಇರುವುದೆಲ್ಲ ನಿಜ ಎಂದಳು. ಆದರೂ ಸಹಿ ಹಾಕಲಾರೆ. ಯಾರ ಬಗ್ಗೆಯೂ ಒಳ್ಳೆಯದನ್ನೂ ಬರೆಯಬೇಡಿ, ಕೆಟ್ಟದ್ದನ್ನೂ ಬರೆಯಬೇಡಿ ಎಂದು ಕಂಪನಿಯ ವಕೀಲರು ಹೇಳಿದ್ದಾರಂತೆ. ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಇಷ್ಟು ಮಾತ್ರ ಕೊಡಬಹುದು. ಕೊಟ್ಟಳು. ಹುದ್ದೆಯ ಎದುರಿಗೆ ಬರೀ ಟೆಕ್ನಿಷಿಯನ್ ಎಂದಿತ್ತು. ಅದು ಪಾತ್ರೆ ತೊಳೆಯುವ ಮೆಷಿನಿನವನಿಗೂ ಸಲ್ಲುವ ಹೆಸರು. ಆರುನೂರ ಎಂಬತ್ತನೇ ನಂಬರಿನ ಫ್ರೀವೇಯಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಎಂಥ ಗಿರಾಕಿಯನ್ನೂ ಬಗ್ಗಿಸಬಲ್ಲೆ, ಆದರೆ ಅವನಿಗೆ ಏನಾದರೂ ಬೇಕಾಗಿರಬೇಕು. ಇವರಲ್ಲಿ ಯಾರಿಗೂ ನನ್ನಿಂದ ಏನೂ ಬೇಕಾಗಿರಲಿಲ್ಲ.

ನಿರೀಕ್ಷಿಸಿದಂತೆ ಅಲ್ಲಿಯ ಕಾರ್ಮಿಕ ಇಲಾಖೆ ಕಡತ ವಾಪಸು ಕಳಿಸಿತು. ಕಾರ್ಖಾನೆಯ ಹೆಣ್ಣುಮಗಳು ಇನ್ನೊಂದು ಸಲ ಸಲ್ಲಿಸಿದಳು. ಮತ್ತೆ ಬಂತು. ಡಿಪ್ಲೊಮಾ ಬೇಕೇ ಬೇಕು. ಯಂತ್ರಗಳು ಯಾವಾಗ ಹೊರಡುತ್ತವೆ ಎಂದೂ ಅವಳು ಕೇಳತೊಡಗಿದಳು. ಯಂತ್ರ ಮೊದಲು ತಲುಪಿ ಮನುಷ್ಯ ತಲುಪದಿದ್ದರೆ ಅವರು ಬೇರೊಬ್ಬನನ್ನು ನೋಡುತ್ತಾರೆಂದು ನನಗೆ ಗೊತ್ತಿತ್ತು. ಅದಕ್ಕೆ ಮರದ ಪೆಟ್ಟಿಗೆಗಳ ನೆಪ ಹಿಡಿದೆ. ಅಮೆರಿಕದ ಪೈನ್ ಮರದಲ್ಲಿ ಹುಳ ಬರುತ್ತದೆಂದು ಚೀನಾ ಆಗ ಹೊಸ ಕಟ್ಟಳೆ ಮಾಡಿತ್ತು, ಕಾಯಿಸಿದ ಮರವೆಂಬ ಪತ್ರವಿಲ್ಲದ ಪೆಟ್ಟಿಗೆ ಬಂದರಿನಲ್ಲೇ ನಿಲ್ಲುತ್ತಿತ್ತು. ನನ್ನ ಪೆಟ್ಟಿಗೆಗಳಿಗೆ ಪತ್ರವಿತ್ತು. ಆದರೂ ಪ್ಲೈವುಡ್ಡಿನಲ್ಲಿ ಮತ್ತೆ ಕಟ್ಟಿಸುತ್ತೇನೆ, ಜಾಗ್ರತೆ ಒಳ್ಳೆಯದು ಎಂದು ಹೇಳಿ ದಿನ ತಳ್ಳಿದೆ.

ತಳ್ಳಿದ ದಿನಗಳಲ್ಲಿ ಏನು ಮಾಡುವುದೆಂದು ಮಾತಾಡಲು ಮೌಂಟನ್ ವ್ಯೂದಲ್ಲಿದ್ದ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಆಗಲೇ ಅರ್ಧ ಸಾಮಾನು ಕಟ್ಟಿದ್ದರು. ಹೆಂಡತಿ ಚಹಾ ತಂದಿಟ್ಟು ಅಲ್ಲೇ ಕೂತರು. ನಾನು ತಿಳಿದುಕೊಂಡು ಹೋಗಿದ್ದೆ. ಡಿಪ್ಲೊಮಾ ಕೊಟ್ಟ ಬೆಂಗಳೂರಿನ ಕಚೇರಿಯಲ್ಲಿ ಅದರ ಎರಡನೇ ಪ್ರತಿಗೆ ಎರಡು ದಾರಿ. ಕಳೆದುಹೋಗಿದೆ ಎಂದರೆ ಪೊಲೀಸ್ ದೂರಿನ ಪ್ರತಿ ಕೊಟ್ಟು ಬೇಗ ತರಿಸಬಹುದು, ನನ್ನ ಪರಿಚಯದವರೇ ಅಲ್ಲಿ ಓಡಾಡುತ್ತಾರೆ. ಹಾಳಾಗಿದೆ ಎಂದರೆ ಅಭ್ಯರ್ಥಿ ತಾನೇ ಬಂದು ಹಾಳಾದದ್ದನ್ನು ಒಪ್ಪಿಸಬೇಕು, ಅವರು ಕಾಲೇಜಿನ ಹಳೆಯ ದಾಖಲೆಯ ಜೊತೆ ತಾಳೆ ನೋಡಿ ಕೊಡುತ್ತಾರೆ.

"ನೋಡಿ ಭಾಯಿ," ಎಂದೆ, "ಹುಬ್ಬಳ್ಳಿಯಲ್ಲಿ ಒಂದು ಕಂಪ್ಲೇಂಟು ಕೊಡಿಸುವ. ಬಸ್ಸಿನಲ್ಲಿ ಕಳೆದುಹೋಯಿತು ಅಂತ. ಯಾರಿಗೂ ನಷ್ಟ ಇಲ್ಲ."

ಹೆಂಡತಿ ಹೇಳಿದರು: "ಕಳದಿಲ್ಲಲ್ರಿ ಅಣ್ಣಾರ. ಟ್ರಂಕಿನ್ಯಾಗ ಐತಿ."

"ಇದೆ ಅಮ್ಮಾ. ಆದರೆ ಕಳೆದದ್ದಕ್ಕೆ ಬೇಗ ಸಿಗುತ್ತದೆ, ಇದ್ದದ್ದಕ್ಕೆ ತಡ."

"ಹಂಗಾರ ಸುಳ್ಳಿಗೆ ದೊಡ್ಡ ಬಾಗಿಲಾ ಮಾಡ್ಯಾರ ಅನ್ರಿ."

ನಾನು ಚಹಾ ಕುಡಿದೆ. ಆಮೇಲೆ ಇನ್ನೊಂದು ದಾರಿ ಹೇಳಿದೆ. ಎಫ್ ವೀಸಾಕ್ಕೆ ಇದಾವುದೂ ಬೇಡ, ಕಾರ್ಖಾನೆಯ ಆಹ್ವಾನ ಇದ್ದರೆ ಸಾಕು. ಅಲ್ಲಿಗೆ ಹೋಗಿ ಯಂತ್ರ ಬಿಚ್ಚಿ ಕೂರಿಸಿ, ಸಂಬಳ ಹೇಗೋ ಸರಿಮಾಡುತ್ತೇನೆ. ಆಮೇಲೆ ಹಾಂಗ್‌ಕಾಂಗಿಗೆ ಹೋಗಿ ಝೆಡ್ ಮಾಡಿಸಿಕೊಳ್ಳಬಹುದು. ಎಷ್ಟೋ ಜನ ಮಾಡುತ್ತಾರೆ. ತನಿಖೆಯವರು ಬಂದರೆ ಏನಾಗುತ್ತದೆ ಎಂದು ಟೆಕ್ನಿಷಿಯನ್ ಕೇಳಿದರು. ದಂಡ ಹಾಕಿ ಹೊರಗೆ ಕಳಿಸುತ್ತಾರೆ ಎಂದು ಇದ್ದದ್ದನ್ನೇ ಹೇಳಿದೆ. ಈ ವಿಷಯದಲ್ಲಿ ನಾನು ಯಾರಿಗೂ ಸಕ್ಕರೆ ಹಚ್ಚಿ ಹೇಳುವುದಿಲ್ಲ.

ಅವರು ಮಗಳ ಕಡೆ ಒಮ್ಮೆ ನೋಡಿದರು. ಅವಳು ಪೆಟ್ಟಿಗೆಯ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

"ಇಲ್ಲಿ ನಾಳಿಂದ ಕಾಗದ ಇಲ್ಲದ ಮನಷ್ಯಾ ನಾನು," ಅಂದರು. "ಅಲ್ಲಿ ಹೋಗಿ ಇನ್ನೊಂದು ದೇಶದಾಗೂ ಕಾಗದ ಇಲ್ಲದಾಂವ ಆಗ್ಲೇನ್ರಿ ಅಣ್ಣಾರ? ಬ್ಯಾಡ. ನಾನ ಹೋಗಿ ಕಿಟಕಿ ಮುಂದ ನಿಂತು ಹೊಸಾದು ತಗೊಂತೀನಿ. ಅಷ್ಟು ದಿನ ಆ ಜಾಗಾ ಹಿಡೀರಿ. ಅದೊಂದು ಮಾಡ್ರಿ."

ವಾದಿಸಲಿಲ್ಲ. ವಾದಿಸಲು ನನ್ನ ಹತ್ತಿರ ಮೂರನೆಯ ದಾರಿ ಇರಲಿಲ್ಲ. ಮಗಳನ್ನು ಚೀನಾದ ಶಾಲೆಗೆ ಹೋಗುತ್ತೀಯಾ ಎಂದು ಕನ್ನಡದಲ್ಲಿ ಕೇಳಿದೆ. ಅಲ್ಲಿ ರಿಸೆಸ್, ಅಂದರೆ ಆಟದ ಬಿಡುವು, ಇದೆಯಾ ಎಂದು ಅವಳು ಇಂಗ್ಲಿಷಿನಲ್ಲಿ ತಿರುಗಿ ಕೇಳಿದಳು. ಇರುತ್ತದೆ ಎಂದೆ. ಅದೇ ವಾರ ಮೂವರೂ ಊರಿಗೆ ಹೊರಟರು.

ಅವರ ಮನೆಯಿಂದ ಬಂದ ಸಂಜೆಯೇ ಚೀನಾಕ್ಕೆ ಫೋನು ಮಾಡಿ ಜಾಗ ಹಿಡಿಯುವ ವ್ಯಾಪಾರಕ್ಕೆ ಕೂತೆ. ಬಿಡಿಭಾಗಗಳ ಒಂದು ಪೆಟ್ಟಿಗೆ ಪುಕ್ಕಟೆ ಸೇರಿಸುತ್ತೇನೆಂದೆ, ಯಂತ್ರ ಕೆಟ್ಟರೆ ನಾನೇ ಜವಾಬ್ದಾರ ಎಂದೆ. ಅವಳು ತನ್ನ ಮೇಲಿನವರನ್ನು ಕೇಳಿ ಬಂದು, ಪೆಟ್ಟಿಗೆಗಳನ್ನು ಬಿಚ್ಚುವ ದಿನದ ತನಕ ಕಾಯುತ್ತೇವೆ ಎಂದಳು. ಅದನ್ನು ಗೆಲುವೆಂದುಕೊಂಡೆ. ಆದರೆ ಪೆಟ್ಟಿಗೆಗಳ ನೆಪ ಎಷ್ಟು ದಿನ ನಡೆದೀತು? ಗಡುವು ದಾಟಿದರೆ ಕರಾರು ಮುರಿದಂತೆ ಎಂದು ಅವರ ಕಡೆಯಿಂದ ಖಡಕ್ಕಾಗಿ ಫ್ಯಾಕ್ಸ್ ಬಂತು. ಓಕ್‌ಲೆಂಡ್ ಬಂದರಿನಲ್ಲಿ ನನ್ನ ಕಂಟೇನರುಗಳನ್ನು ಕ್ರೇನು ಎತ್ತುವುದನ್ನು ನಿಂತು ನೋಡಿದೆ. ಸರಕು ಹಡಗು ಹತ್ತಿದರೆ ನೆಮ್ಮದಿಯ ಉಸಿರು ಬಿಡುವವನು ನಾನು. ಆ ಸಲ ಮಾತ್ರ ಕ್ರೇನು ಕೆಡಲಿ ಎಂದು ಮನಸ್ಸು ಹೇಳುತ್ತಿತ್ತು.

ಹಡಗು ಕಡಲಿನಲ್ಲಿ ಸಾಗುತ್ತಿದ್ದರೆ ಇವರು ಅಲ್ಲಿ ಹುಬ್ಬಳ್ಳಿ ಬೆಂಗಳೂರು ಓಡಾಡುತ್ತಿದ್ದರು. ಫೋನಿನಲ್ಲಿ ಸುದ್ದಿ ಹೇಳುತ್ತಿದ್ದರು. ಹಳೆಯದನ್ನು ಒಪ್ಪಿಸಿ ರಸೀತಿ ಪಡೆದದ್ದಾಯಿತು. ಕಾಲೇಜಿನ ದಾಖಲೆ ಬರಬೇಕು. ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿದೆ, ಹಳೆಯ ರಿಜಿಸ್ಟರಿರುವ ಕೋಣೆಯ ಕೀಲಿ ಯಾರಿಗೂ ಕೊಡುವಂತಿಲ್ಲ, ಪರೀಕ್ಷೆ ಮುಗಿಯಲಿ. ಮುಗಿಯಿತು. ಪ್ರಿನ್ಸಿಪಾಲರ ಸಹಿ ಆಗಬೇಕು. ಆಯಿತು. ಯಾರೂ ಲಂಚ ಕೇಳಲಿಲ್ಲ, ಕೇಳಿದ್ದರೆ ನನಗೆ ಕೆಲಸ ಸುಲಭವಿತ್ತು ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ. ಎಲ್ಲರೂ ನಿಯಮದಂತೆ, ನಿಯಮದ ವೇಗದಲ್ಲೇ ಕೆಲಸ ಮಾಡುತ್ತಿದ್ದರು. ಅದರ ಎದುರಿಗೆ ನನ್ನ ಯಾವ ಮಾತೂ ನಡೆಯಲಿಲ್ಲ.

ಹೊಸ ಡಿಪ್ಲೊಮಾ ಕೈಗೆ ಬಂತು, ದೃಢೀಕರಣಕ್ಕೆ ದಿಲ್ಲಿಗೆ ಹೊರಡುತ್ತಿದ್ದೇನೆ ಎಂದು ಅವರು ಹೇಳಿದ ಮಾರನೆಯ ದಿನ ಚೀನಾದ ಹೆಣ್ಣುಮಗಳ ಫೋನು ಬಂತು. ಪೆಟ್ಟಿಗೆ ಬಿಚ್ಚಿ ಆಗಿತ್ತು. ಪಕ್ಕದ ಕಾರ್ಖಾನೆಯಲ್ಲಿ ಕೆಲಸ ಮುಗಿಸಿದ್ದ ಮಲೇಷಿಯಾದ ಒಬ್ಬನನ್ನು ಆ ಜಾಗಕ್ಕೆ ತೆಗೆದುಕೊಂಡಿದ್ದರು. ಡಿಪ್ಲೊಮಾ ಸಿಕ್ಕಿದೆ, ಕೆಲವೇ ದಿನ ಎಂದೆ. ಇನ್ನೊಂದು ಯಂತ್ರ ಕಡಿಮೆಗೆ ಕೊಡುತ್ತೇನೆಂದೆ. ಇಬ್ಬರನ್ನೂ ಇಟ್ಟುಕೊಳ್ಳಿ, ಒಬ್ಬರ ಸಂಬಳ ಕೆಲವು ತಿಂಗಳು ನಾನೇ ಕೊಡುತ್ತೇನೆ ಎಂಬಲ್ಲಿಯ ತನಕ ಇಳಿದೆ. ನನ್ನ ಜೀವನದಲ್ಲಿ ಅಷ್ಟು ಇಳಿದದ್ದು ಇಲ್ಲ.

ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಈ ಹುದ್ದೆಗೆ ಇಲಾಖೆ ಕೊಡುವುದು ಒಂದೇ ಪರವಾನಗಿ, ನಿನ್ನೆ ಅದರ ಮೇಲೆ ಹೆಸರು ಬರೆದಾಯಿತು ಎಂದಳು. "ನೀವು ಬೆಲೆ ಹೇಳುತ್ತಿದ್ದೀರಿ," ಎಂದಳು ಕೊನೆಗೆ. "ಇಲ್ಲಿ ಮಾರಾಟಕ್ಕೆ ಏನೂ ಉಳಿದಿಲ್ಲ." ಅವಳ ದನಿಯಲ್ಲಿ ಬೇಸರವಿತ್ತು. ಅವಳೂ ಆ ಕಡತವನ್ನು ಎರಡು ಸಲ ಹೊತ್ತವಳು.

ಅವರು ದಿಲ್ಲಿಯ ರೈಲು ಹತ್ತುವ ಮೊದಲೇ ತಿಳಿಸಬೇಕಿತ್ತು. ಹುಬ್ಬಳ್ಳಿಯಲ್ಲಿ ಅವರು ಇಳಿದುಕೊಂಡಿದ್ದ ಮನೆಗೆ ಫೋನು ಮಾಡಿದೆ. ಹೆಂಡತಿ ತೆಗೆದರು. ಟಿಕೆಟ್ಟಿಗೆ ಸ್ಟೇಷನ್ನಿಗೆ ಹೋಗ್ಯಾರ ಎಂದರು. ನನ್ನ ದನಿಯಲ್ಲಿ ಏನು ಕೇಳಿಸಿತೋ, ಏನಾತ್ರಿ ಎಂದರು. ಹೇಳಿದೆ.

"ಇದನ್ನ ನೀವ ಹೇಳ್ರಿ ಅವರಿಗೆ," ಅಂದರು. "ನನ್ನ ಬಾಯಿಲೆ ಬರೂದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಾಡ್ರಿ."

ಗೋದಾಮಿನಲ್ಲಿ ಕೂತೆ. ಯಂತ್ರಗಳಿದ್ದ ಜಾಗ ಖಾಲಿಯಾಗಿತ್ತು. ಹೇಗೆ ಶುರುಮಾಡಲಿ, ಎದುರಿಗೆ ಏನು ಇಡಲಿ ಎಂದು ಯೋಚಿಸಿದೆ. ಮಾತಿಗೆ ಕೂರುವಾಗ ಎದುರಿಗಿಡಲು ಏನಾದರೂ ಕೈಯಲ್ಲಿರಬೇಕು ಎಂದು ಎಷ್ಟು ಜನರಿಗೆ ಬುದ್ಧಿ ಹೇಳಿದವನು ನಾನು. ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮತ್ತೆ ಮಾಡಿದಾಗ ಅವರೇ ತೆಗೆದರು. "ಹೇಳ್ರಿ ಅಣ್ಣಾರ," ಅಂದರು, ಆಗಲೇ ಅರ್ಧ ತಿಳಿದವರ ಹಾಗೆ. ಸುತ್ತಿಬಳಸದೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಉತ್ತರ ಕೊಡಬಹುದಿತ್ತು.

"ಬಂದಾನಲ್ರಿ ಆ ಮಲೇಷಿಯಾದಾಂವ," ಅಂದರು ಆಮೇಲೆ. "ಅವನ ಕಾಗದ ಎಲ್ಲಾ ಸರಿ ಅದಾವೇನು?"

ಸರಿ ಇವೆ ಎಂದೆ.

"ಹಂಗಾರ ಛಲೋ ಆತು," ಅಂದರು. "ಅವನೂ ಹೆಂಡ್ರು ಮಕ್ಕಳನ್ನ ಕರಕೊಂಡು ಬಂದಿರಬೇಕು."

ಅವನ ಕಾಗದಗಳು ಸರಿ ಇದ್ದವೋ ಇಲ್ಲವೋ, ಅವನಿಗೆ ಹೆಂಡತಿ ಮಕ್ಕಳು ಇದ್ದರೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಹೌದು, ಕರೆದುಕೊಂಡು ಬಂದಿದ್ದಾನೆ ಎಂದೆ.